ಬೆಳಗಿನ ಮೊದಲ ಲೋಟ ನೀರು

(ನಮ್ಮ ಬೆಳಗಿನ ಕನ್ನಡ ಕಾರ್ಯಕ್ರಮದ ‘ಚಿಂತನ’ ವಿಭಾಗದಲ್ಲಿ ಪ್ರಸಾರವಾದ ಭಾಷಣ)



ನೀವು ಈ ಮಾತನ್ನು ಕೇಳುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿರುತ್ತದೆ ಎಂದು ನಾನು ಊಹಿಸಬಲ್ಲೆ. ಒಲೆಯ ಮೇಲೆ ಹಾಲು, ಕುಕ್ಕರಿನ ಎರಡನೇ ಸೀಟಿ, ಮಗುವಿನ ಶಾಲೆಯ ಚೀಲ, 7.42ರ ಫಾಸ್ಟ್ ಲೋಕಲ್ ತಪ್ಪೀತೆಂಬ ಆತಂಕ. ಇದರ ನಡುವೆಯೇ ದೇವರ ಮುಂದೆ ಒಂದು ದೀಪ, ಅಥವಾ ಶಿಲುಬೆಯ ಮುಂದೆ ಒಂದು ನಿಮಿಷದ ಪ್ರಾರ್ಥನೆ. ಈ ನಗರದಲ್ಲಿ ಬೆಳಗಿನ ಭಕ್ತಿಗೆ ನಾವು ಕೊಡುವ ಸಮಯ ಅಷ್ಟೇ. ಅದು ತಪ್ಪೆಂದು ನಾನು ಹೇಳಲಾರೆ. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಪ್ರಶ್ನೆ ಬೇರೆ. ಆ ಒಂದು ನಿಮಿಷ ಮುಗಿದು ಬಾಗಿಲ ಗಂಟೆ ಬಾರಿಸುತ್ತದಲ್ಲ, ಆಗ ಏನಾಗುತ್ತದೆ? ಹಾಲಿನವನೋ, ಕಸದವಳೋ, ಪಾತ್ರೆ ತೊಳೆಯುವ ಬಾಯಿಯೋ ನಿಂತಿರುತ್ತಾರೆ. ನಮ್ಮ ಪ್ರಾರ್ಥನೆ ಬಾಗಿಲವರೆಗೆ ಬರುತ್ತದೆಯೇ, ಇಲ್ಲಾ ದೇವರ ಕೋಣೆಯಲ್ಲೇ ಉಳಿದುಬಿಡುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಕಸಾರಾ ಘಾಟ್ ಹತ್ತಿ, ಇಗತಪುರಿ ದಾಟಿದರೆ ನಾಸಿಕ. ಮುಂಬಯಿಯ ಕನ್ನಡಿಗರಿಗೆ ನಾಸಿಕವೆಂದರೆ ಗೋದಾವರಿ, ಪಂಚವಟಿ, ತ್ರ್ಯಂಬಕೇಶ್ವರ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಂಧುಗಳಿಗೆ ನಾಸಿಕವೆಂದರೆ ನಾಸಿಕ ರೋಡಿನ ಬಾಲಯೇಸು ಮಂದಿರವೂ ಹೌದು. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೇಗೆ ಜನ ಸೇರುತ್ತಾರೋ, ಹಾಗೆಯೇ ಫೆಬ್ರವರಿಯ ಹಬ್ಬಕ್ಕೆ ಇಲ್ಲಿಗೆ ಮುಂಬಯಿಯಿಂದ, ಗೋವೆಯಿಂದ ಜನ ಬರುತ್ತಾರೆ. ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕುಂಕುಮವಿಟ್ಟವರೂ ಇರುತ್ತಾರೆ. ಯಾರು ಯಾವ ಧರ್ಮದವರು ಎಂದು ಆ ಸಾಲಿನಲ್ಲಿ ಯಾರೂ ಕೇಳುವುದಿಲ್ಲ.

ಇದೇ ನಾಸಿಕದ ಹತ್ತಿರ ಜಲಾಲಪುರ ಎಂಬ ಹಳ್ಳಿಯಿದೆ. 1868ರಲ್ಲಿ ಅಲ್ಲೊಂದು ಹೆಣ್ಣು ಮಗು ಹುಟ್ಟಿತು. ತವರಿನ ಹೆಸರು ಮನಕರ್ಣಿಕಾ ಗೋಖಲೆ. ಮದುವೆಯಾದ ಮೇಲೆ ಲಕ್ಷ್ಮೀಬಾಯಿ ತಿಲಕ್. ಮರಾಠಿ ಓದುವವರಿಗೆ ಈ ಹೆಸರಿನ ಪರಿಚಯ ಬೇಕಿಲ್ಲ. ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ 1930ರ ದಶಕದಲ್ಲಿ ಹೊರಬಂದದ್ದು, ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದೆಂದು ಇಂದಿಗೂ ಹೆಸರಾಗಿದೆ. ಕನ್ನಡಿಗರಾದ ನಮಗೂ ಅವರ ಕಥೆ ಹತ್ತಿರದ್ದೇ. ಏಕೆಂದರೆ ಅದು ಮಡಿಯ ಕಥೆ. ಮಡಿ ಎಂದರೇನು, ಮುಸುರೆ ಎಂದರೇನು, ಯಾರ ಕೈಯ ನೀರು ಆಗುತ್ತದೆ, ಯಾರದು ಆಗುವುದಿಲ್ಲ ಎಂಬುದನ್ನು ನಮ್ಮ ಅಜ್ಜಿಯರ ಕಾಲದ ಮನೆ ಕಂಡವರಿಗೆ ಬಿಡಿಸಿ ಹೇಳಬೇಕೆ?

ಆ ಹುಡುಗಿಯ ತಂದೆಗೆ ಮಡಿಯೆಂಬುದು ಆಚಾರದ ಮಟ್ಟ ದಾಟಿ ಒಂದು ಗೀಳಾಗಿತ್ತು. ಹೊರಗಿನಿಂದ ತಂದ ಸಾಮಾನನ್ನು ತೊಳೆಯದೆ ಮನೆಯೊಳಗೆ ಸೇರಿಸುವಂತಿರಲಿಲ್ಲ. ಮುಟ್ಟಿದರೆ ಮೈಲಿಗೆ, ತಾಗಿದರೆ ಸ್ನಾನ. ಹೆಂಡತಿ ಮಕ್ಕಳಿಗೆ ಬೆಳಗಾಯಿತೆಂದರೆ ಭಯ. ಒಂದು ಮನೆಯಲ್ಲಿ ದಿನ ಶುರುವಾಗುವುದೇ ‘ಮುಟ್ಟಬೇಡ’ ಎಂಬ ಮಾತಿನಿಂದಾದರೆ ಆ ಮನೆಯಲ್ಲಿ ಭಕ್ತಿಯಿದ್ದರೂ ಸಂತೋಷ ಹೇಗೆ ಉಳಿದೀತು, ನೀವೇ ಹೇಳಿ.

ಹನ್ನೊಂದರ ವಯಸ್ಸಿಗೆ ಮದುವೆ. ಗಂಡ ನಾರಾಯಣ ವಾಮನ ತಿಲಕ್, ನಾಸಿಕದಲ್ಲಿ ಸಂಸ್ಕೃತ ಕಲಿತ ಹುಡುಗ, ಹುಟ್ಟು ಕವಿ. ಒಂದೂರಿನಲ್ಲಿ ನಿಂತವರಲ್ಲ, ಒಂದು ಕೆಲಸದಲ್ಲಿ ಉಳಿದವರಲ್ಲ. ಕೈಯಲ್ಲಿ ಹಣ ಬಂದರೆ ಯಾರಿಗಾದರೂ ಕೊಟ್ಟುಬಿಡುವವರು, ಹೇಳದೆ ಕೇಳದೆ ಅತಿಥಿಗಳನ್ನು ಕರೆತರುವವರು. ಅಡುಗೆಮನೆಯ ಡಬ್ಬಿಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಎಂದು ನೋಡಬೇಕಾದದ್ದು ಲಕ್ಷ್ಮೀಬಾಯಿ. ಅವರಿಗೆ ಶಾಲೆಯಿಲ್ಲ. ಓದು ಬರಹ ಬಂದದ್ದು ಮದುವೆಯಾದ ಮೇಲೆ, ಗಂಡನಿಂದಲೇ.

1893ರಲ್ಲಿ ತಿಲಕರಿಗೆ ರೈಲು ಪ್ರಯಾಣದಲ್ಲಿ ಒಬ್ಬ ಯುರೋಪಿಯನ್ ಸಹಪ್ರಯಾಣಿಕರು ಸಿಕ್ಕರು. ಮಾತಿಗೆ ಮಾತು ಬೆಳೆಯಿತು. ಇಳಿಯುವಾಗ ಅವರು ಒಂದು ಬೈಬಲ್ ಕೊಟ್ಟು ಹೋದರು. ತಿಲಕರು ಓದಿದರು, ಪತ್ರ ಬರೆದರು, ತರ್ಕ ಮಾಡಿದರು. ಕೊನೆಗೆ 1895ರ ಫೆಬ್ರವರಿಯಲ್ಲಿ ನಮ್ಮ ಇದೇ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಸುದ್ದಿ ಹೆಂಡತಿಗೆ ಬಡಿದ ರೀತಿಯನ್ನು ಯೋಚಿಸಿ. ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣು ಮಗಳು, ಜೊತೆಗೊಂದು ಚಿಕ್ಕ ಗಂಡು ಮಗು. ಗಂಡ ಬದುಕಿದ್ದಾರೆ, ಆದರೆ ಬಂಧುಗಳ ಪಾಲಿಗೆ ಸತ್ತಂತೆ. ಸುಮಾರು ನಾಲ್ಕೈದು ವರ್ಷ ಅವರು ಗಂಡನಿಂದ ದೂರವೇ ಉಳಿದರು. ಆ ದಿನಗಳಲ್ಲಿ ಕೆಲವು ಕಾಲ ಪಂಢರಪುರದಲ್ಲಿದ್ದರು, ನಮ್ಮ ಹಿರಿಯರು ಕಾನಡಾ ವಿಠ್ಠಲನೆಂದು ಕರೆಯುವ ಪಾಂಡುರಂಗನ ಊರಿನಲ್ಲಿ.

ಗಂಡನ ಹತ್ತಿರ ಹಿಂದಿರುಗಿದಾಗಲೂ ಅವರು ಮತ ಬದಲಾಯಿಸಲಿಲ್ಲ. ಅಹ್ಮದನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ತಮ್ಮ ಆಚಾರ ತಮಗೆ, ತಮ್ಮ ಅಡುಗೆ ತಮಗೆ ಎಂದೇ ಇದ್ದರು. ಸುತ್ತ ಕ್ರೈಸ್ತ ಸಮುದಾಯ, ನಡುವೆ ಇವರೊಬ್ಬರ ಮಡಿ. ಎಲ್ಲಕ್ಕಿಂತ ಕಷ್ಟವಾದದ್ದು ನೀರಿನದು. ಯಾರು ಮುಟ್ಟಿದ ನೀರು ಕುಡಿಯಬೇಕು?

ಇಲ್ಲಿಂದ ಮುಂದಿನದು ನನಗೆ ಆ ಬದುಕಿನಲ್ಲೆಲ್ಲ ದೊಡ್ಡದಾಗಿ ಕಾಣುವ ಘಟ್ಟ. ಅವರನ್ನು ಯಾರೂ ವಾದದಲ್ಲಿ ಸೋಲಿಸಲಿಲ್ಲ. ತಾವೇ ಕುಳಿತು ಯೋಚಿಸಿದರು. ಈ ಜಾತಿಗಳನ್ನು ಮಾಡಿದವರು ಯಾರು? ದೇವರು ಮಾಡಿದ್ದರೆ ಮೈಯಲ್ಲೊಂದು ಗುರುತಾದರೂ ಇರಬೇಕಿತ್ತಲ್ಲ? ಹುಟ್ಟಿದ ಮಗುವಿನಲ್ಲಿ ಅಂಥ ಗುರುತು ಕಾಣುವುದಿಲ್ಲ. ಹಾಗಾದರೆ ಇದು ಮನುಷ್ಯರದೇ ಕೆಲಸ. ಈ ತೀರ್ಮಾನಕ್ಕೆ ಬಂದ ಮೇಲೆ ಅವರು ಇನ್ನು ಯಾರ ಕೈಯ ಅನ್ನವನ್ನೂ ನೀರನ್ನೂ ಬೇಡವೆನ್ನುವುದಿಲ್ಲ ಎಂದು ನಿರ್ಧರಿಸಿದರು. ದೀಕ್ಷಾಸ್ನಾನ ಆದದ್ದು ಅದಾದ ಮೇಲೆ, 1900ರಲ್ಲಿ. ಈ ಕ್ರಮವನ್ನು ದಯವಿಟ್ಟು ಗಮನಿಸಿ. ಮೊದಲು ಬಂದದ್ದು ಇನ್ನೊಬ್ಬರ ಕೈಯಿಂದ ಕುಡಿದ ನೀರು. ಚರ್ಚಿನ ನೀರು ಆಮೇಲೆ.

ಸುವಾರ್ತೆ ಓದಿದವರಿಗೆ ಇಲ್ಲಿ ಒಂದು ಕಥೆ ನೆನಪಾಗಬಹುದು. ಓದದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಯೇಸು ದಾರಿ ನಡೆದು ದಣಿದು ಮಧ್ಯಾಹ್ನದ ಹೊತ್ತಿಗೆ ಒಂದು ಬಾವಿಯ ಹತ್ತಿರ ಕುಳಿತಿದ್ದಾರೆ. ನೀರು ಸೇದಲು ಬಂದವಳು ಸಮಾರ್ಯದ ಹೆಣ್ಣು ಮಗಳು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗುವುದಿಲ್ಲ, ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಬಳಸುವುದಿಲ್ಲ. ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಾರೆ. ಅವಳಿಗೆ ಆಶ್ಚರ್ಯ, ನೀನು ನನ್ನ ಹತ್ತಿರ ಹೇಗೆ ಕೇಳುತ್ತೀಯೆ ಎಂದು. ಈ ಕಥೆಯಲ್ಲಿ ಮುಂದೆ ದೊಡ್ಡ ದೊಡ್ಡ ಮಾತುಗಳಿವೆ. ಆದರೆ ಅವೆಲ್ಲಕ್ಕೂ ಮೊದಲು ಬರುವುದು ಈ ನೀರು ಕೇಳುವುದೇ. ನಾವು ಕೆಳಗಿನವರಿಗೆ ಏನಾದರೂ ಕೊಡುವುದನ್ನು ದಯೆ ಎನ್ನುತ್ತೇವೆ. ಇಲ್ಲಿ ಯೇಸು ಕೊಡುವ ಮೊದಲು ಕೇಳಿದ್ದಾರೆ. ಅವಳ ಕೈಯ ನೀರು ನನಗೆ ಬೇಕು ಎಂದಿದ್ದಾರೆ. ಹಳೆಯ ಸೀರೆ ಕೊಡುವುದು ಸುಲಭ ಶ್ರೋತೃಗಳೇ, ಅವಳ ಮನೆಯ ಚಹಾ ಕುಡಿಯುವುದು ಕಷ್ಟ.

ಆಮೇಲೆ ಲಕ್ಷ್ಮೀಬಾಯಿಯವರ ಬದುಕು ಹೇಗಾಯಿತು? ಬಡತನ ಹೋಗಲಿಲ್ಲ. ಗಂಡನ ಕೋಪ ಹೋಗಲಿಲ್ಲ, ಮರೆವು ಹೋಗಲಿಲ್ಲ. ಆದರೆ ಮನೆಯ ಬಾಗಿಲು ತೆರೆಯಿತು. ಆ ಶತಮಾನದ ಕೊನೆಯ ಬರಗಾಲದಲ್ಲಿ ತಾಯಿತಂದೆ ಕಳೆದುಕೊಂಡ ಮಕ್ಕಳು ತಿಲಕರ ಮನೆಗೆ ಬಂದು ಸೇರಿದರು. ಅಹ್ಮದನಗರದಲ್ಲಿ ಪ್ಲೇಗು ಹಬ್ಬಿದಾಗ, ಸ್ವಂತ ಬಂಧುಗಳೇ ರೋಗಿಯನ್ನು ಬಿಟ್ಟು ಓಡುತ್ತಿದ್ದ ದಿನಗಳಲ್ಲಿ, ಲಕ್ಷ್ಮೀಬಾಯಿ ರೋಗಿಗಳ ಆರೈಕೆಗೆ ನಿಂತರು. ಒಂದು ಕಾಲಕ್ಕೆ ಇನ್ನೊಬ್ಬರ ನೆರಳು ತಾಗಿದರೆ ಸ್ನಾನ ಮಾಡಬೇಕಿದ್ದ ಮನೆಯ ಮಗಳು, ಪ್ಲೇಗಿನ ಗಡ್ಡೆ ಎದ್ದವರ ಮೈ ಒರೆಸಿದರು.

ಸಂತೋಷದ ಮಾತೂ ಹೇಳಬೇಕು. ‘ಸ್ಮೃತಿಚಿತ್ರೆ’ ಓದಿದವರು ಮೊದಲು ನೆನಪಿಸಿಕೊಳ್ಳುವುದು ಅದರ ನಗುವನ್ನು. ಮಕ್ಕಳನ್ನು ಕಳೆದುಕೊಂಡ ತಾಯಿ, ಗಂಡ ಬಿಟ್ಟುಹೋದ ಹೆಂಡತಿ, ಸಾಲದ ಸಂಸಾರ, ಇಷ್ಟನ್ನೆಲ್ಲ ಬರೆಯುತ್ತಲೇ ಓದುವವರನ್ನು ನಗಿಸುತ್ತಾರೆ. ಗಂಡನನ್ನು ನೋಡಿ ನಗುತ್ತಾರೆ, ತಮ್ಮನ್ನು ನೋಡಿ ಇನ್ನೂ ಹೆಚ್ಚು ನಗುತ್ತಾರೆ. ಯಾರ ಮೇಲೂ ಕಹಿಯಿಲ್ಲ. ಅಷ್ಟೆಲ್ಲ ಮಡಿ ಮಾಡಿಸಿದ ತಂದೆಯ ಮೇಲೂ ಇಲ್ಲ. ನಮಗೆ ‘ಸಂತೋಷದಿಂದ ದಿನ ಆರಂಭಿಸಿ’ ಎಂದು ಕ್ಯಾಲೆಂಡರಿನ ಪ್ರತಿ ಹಾಳೆಯೂ ಹೇಳುತ್ತದೆ. ಹೇಗೆ ಎಂದು ಮಾತ್ರ ಹೇಳುವುದಿಲ್ಲ. ಈ ಹೆಂಗಸಿನ ಬದುಕಿನಿಂದ ನನಗೆ ಹೊಳೆದದ್ದು ಇಷ್ಟು. ಮೈಲಿಗೆಯಾದೀತೆಂಬ ಭಯ ಹೋದ ಮೇಲೆ ಮನಸ್ಸಿನಲ್ಲಿ ಬಹಳ ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ನಗು ಬಂದು ಕೂರುತ್ತದೆ. ಇಡೀ ದಿನ ಯಾರನ್ನು ದೂರ ಇಡಬೇಕು ಎಂದು ಲೆಕ್ಕ ಹಾಕುವವರಿಗೆ ನಗಲು ಪುರುಸೊತ್ತಾದರೂ ಎಲ್ಲಿ?

ತಿಲಕರು ತಮ್ಮ ಭಕ್ತಿಯನ್ನು ಹಾಡಿದ್ದು ಮರಾಠಿಯ ಅಭಂಗದ ದಾರಿಯಲ್ಲಿ. ತುಕಾರಾಮನ ಸೇತುವೆ ದಾಟಿಯೇ ಕ್ರಿಸ್ತನ ಹತ್ತಿರ ಬಂದೆನೆಂದು ಅವರು ಹೇಳಿಕೊಳ್ಳುತ್ತಿದ್ದುದು ಪ್ರಸಿದ್ಧ. ಅವರ ಹಾಡುಗಳನ್ನು ಮರಾಠಿ ಚರ್ಚುಗಳಲ್ಲಿ ಈಗಲೂ ಹಾಡುತ್ತಾರೆ. ಯೇಸುವಿನ ಚರಿತ್ರೆಯನ್ನು ‘ಕ್ರಿಸ್ತಾಯನ’ ಎಂಬ ಮಹಾಕಾವ್ಯವಾಗಿ ಬರೆಯಲು ತೊಡಗಿ, ಮುಗಿಸುವ ಮೊದಲೇ 1919ರಲ್ಲಿ ತೀರಿಕೊಂಡರು. ಅದನ್ನು ಮುಂದುವರಿಸಿ ಪೂರ್ತಿ ಮಾಡಿದವರು ಶಾಲೆ ಕಾಣದ ಲಕ್ಷ್ಮೀಬಾಯಿ. ಕನ್ನಡ ಬಿ.ಎ. ಓದಿದ ನನಗೆ ಇಲ್ಲಿ ನಮ್ಮ ಕಿಟೆಲ್ ನೆನಪಾಗುತ್ತಾರೆ. 1894ರ ನಿಘಂಟಿನಿಂದ ಅವರನ್ನು ನಾವೆಲ್ಲ ಬಲ್ಲೆವು. ಅದಕ್ಕೂ ಬಹಳ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಬೆಳಗಿನ ಪ್ರಾರ್ಥನೆ ಅಮ್ಮ ಕರೆಯುವ ಭಾಷೆಯಲ್ಲಿದ್ದರೆ ಅದರ ರುಚಿಯೇ ಬೇರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕನ್ನಡಕ್ಕೆ ಅರ್ಧ ಗಂಟೆ ಮಾತ್ರ ಸಿಗುವ ಈ ಮಹಾನಗರದಲ್ಲಿ ಅದು ನಮಗೂ ಗೊತ್ತು.

ಇನ್ನು ನಾಸಿಕದ ಶರಣಪುರಕ್ಕೆ ಬರೋಣ. ಇಂದು ಶರಣಪುರ ರೋಡ್ ಎಂದರೆ ಅಂಗಡಿ, ಬ್ಯಾಂಕು, ವಾಹನಗಳ ಗದ್ದಲ. 1850ರ ದಶಕದಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು ಅಲ್ಲಿ ಒಂದು ವಸತಿ ಕಟ್ಟಿದರು. ಶರಣಪುರ, ಎಂದರೆ ಆಸರೆಯ ಊರು. ಶರಣ ಎಂಬ ಮಾತು ಕನ್ನಡಿಗರ ಕಿವಿಗೆ ಎಷ್ಟು ಹಿತ ಎಂದು ನಾನು ಹೇಳಬೇಕಿಲ್ಲ. ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳಿಂದ ಬಿಡಿಸಿ ಮುಂಬಯಿಗೆ ತಂದಿಳಿಸಿದ ಆಫ್ರಿಕಾದ ಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಬಡಗಿ ಕಮ್ಮಾರರ ಕಸುಬು ಸಿಕ್ಕಿತು. ಊರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಮಕ್ಕಳು ಗೋದಾವರಿಯ ತೀರದಲ್ಲಿ ಬೆಳೆದರು. ಅವರಲ್ಲಿ ಒಬ್ಬರು ಜೇಕಬ್ ವೇನ್‌ರೈಟ್. 1873ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಲ್ಲಿ ತೀರಿಕೊಂಡಾಗ, ಅವರ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಸಮುದ್ರತೀರಕ್ಕೆ ತಲುಪಿಸಿದ ತಂಡದಲ್ಲಿ ನಾಸಿಕದಲ್ಲಿ ಕಲಿತ ಈ ಯುವಕರೂ ಇದ್ದರು. 1874ರಲ್ಲಿ ಆ ದೇಹದ ಜೊತೆ ಲಂಡನ್ನಿನವರೆಗೂ ಹೋದರು. ಒಂದು ಊರು ಕೊಟ್ಟ ಆಸರೆ ಎಷ್ಟು ದೂರ ನಡೆಯುತ್ತದೆ ನೋಡಿ.

ನಾಸಿಕದಿಂದ ಪೂರ್ವಕ್ಕೆ ಹೊರಟರೆ ಸುಮಾರು ಇನ್ನೂರು ಕಿಲೋಮೀಟರಿನಲ್ಲಿ ಛತ್ರಪತಿ ಸಂಭಾಜಿನಗರ. 2023ರವರೆಗೆ ಔರಂಗಾಬಾದ್. ನಮ್ಮ ಬೀದರ, ಕಲಬುರಗಿ, ರಾಯಚೂರಿನವರಿಗೆ ಇದು ಹಳೆಯ ನೆಂಟಸ್ತಿಕೆಯ ಊರು, 1956ರವರೆಗೆ ಎಲ್ಲರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ದಶಕಗಳ ಕಾಲ ಕ್ರೈಸ್ತ ಪಾದ್ರಿಯಾಗಿದ್ದವರು ರತನ್‌ಜಿ ನವರೋಜಿ, ಪಾರಸಿ ಮನೆತನದಿಂದ ಬಂದವರು. ಅವರ ಕೆಲಸ ಬೆಳೆದದ್ದು ಹೆಚ್ಚಾಗಿ ಹಳ್ಳಿಗಳ ಮಾಂಗ್ ಮುಂತಾದ ಸಮುದಾಯಗಳ ನಡುವೆ, ಊರ ಬಾವಿಗೆ ಹೋಗಲು ಬಿಡದಿದ್ದ ಜನರ ನಡುವೆ.

ಈ ಎರಡು ಊರುಗಳ ನಡುವಿನ ರಸ್ತೆಯಲ್ಲೇ ಯೇವಲಾ ಸಿಗುತ್ತದೆ. ಪೈಠಣಿ ಸೀರೆ ಕೊಳ್ಳಲು ನಮ್ಮವರು ಅಲ್ಲಿ ಇಳಿಯುವುದುಂಟು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರಿಗಾಗಿ, 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಿಗಾಗಿ ಸತ್ಯಾಗ್ರಹ ನಡೆಸಿದ ಡಾ. ಬಾಬಾಸಾಹೇಬ ಅಂಬೇಡ್ಕರರು, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಸಾರಿದ್ದು ಇದೇ ಯೇವಲಾದಲ್ಲಿ. ಆಮೇಲೆ ಅವರು ಮಿಲಿಂದ ಮಹಾವಿದ್ಯಾಲಯ ಕಟ್ಟಲು ಆರಿಸಿಕೊಂಡದ್ದು ಸಂಭಾಜಿನಗರವನ್ನು. ಕೊನೆಗೆ 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಕ್ರೈಸ್ತರಾದವರಲ್ಲೂ ಜಾತಿಯ ಲೆಕ್ಕ ಉಳಿದುಕೊಂಡಿದೆ ಎಂಬುದನ್ನು ಅವರು ಕಂಡಿದ್ದರು, ಬರೆದಿದ್ದರು. ಅದು ಸುಳ್ಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿ, ಮದುವೆಯ ಮಾತು ಬಂದಾಗ ‘ಅವರು ಯಾವ ಪೈಕಿ’ ಎಂದು ವಿಚಾರಿಸುವ ಮನೆಗಳನ್ನು ನೀವೂ ನೋಡಿರುತ್ತೀರಿ. ಗುಡಿಗೆ ಹೋಗುವವರಾಗಲಿ, ಚರ್ಚಿಗೆ ಹೋಗುವವರಾಗಲಿ, ಮತದ ಹೆಸರು ಬದಲಾದ ಮಾತ್ರಕ್ಕೆ ಕೈ ಬದಲಾಗುವುದಿಲ್ಲ. ಅದಕ್ಕಾಗಿಯೇ ಬೆಳಗು ದಿನವೂ ಬರುತ್ತದೆ ಎಂದು ನಾನು ತಿಳಿದಿದ್ದೇನೆ. ಲಕ್ಷ್ಮೀಬಾಯಿ ಒಂದು ಬಾರಿ ತೀರ್ಮಾನ ಮಾಡಿದರು, ಹೌದು. ಆದರೆ ಆ ತೀರ್ಮಾನವನ್ನು ಅವರು ದಿನಾ ಬೆಳಿಗ್ಗೆ ನೀರಿನ ಮಡಕೆಯ ಹತ್ತಿರ ಮತ್ತೆ ಮಾಡಬೇಕಾಗಿತ್ತು.

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮಲ್ಲಿ ಮಡಿಯಿಲ್ಲ, ನಾವು ಮಹಾನಗರದವರು, ಲೋಕಲ್ಲಿನಲ್ಲಿ ಯಾರ ಹೆಗಲಿಗೆ ಯಾರ ತಲೆಯೋ ಎಂದು ನಗುತ್ತೇವೆ. ಸರಿ. ಆದರೆ ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಒಂದು ಲೋಟ ಬೇರೆಯಾಗಿ ಬೋರಲು ಹಾಕಿರುತ್ತದಲ್ಲ, ಅದು ಯಾರದು? ಹಿಡಿ ಮುರಿದ ಕಪ್ಪು, ಅಂಚು ಸವೆದ ಸ್ಟೀಲಿನ ಲೋಟ, ‘ಬಾಯಿಯ ಲೋಟ’. ನಾವು ಕುಡಿದ ಕಪ್ಪನ್ನು ಅವಳು ತೊಳೆಯಬಹುದು, ಅದರಲ್ಲಿ ಕುಡಿಯುವಂತಿಲ್ಲ. ಕೆಳಗೆ ಲಿಫ್ಟಿನ ಪಕ್ಕದಲ್ಲಿ ಕೆಲಸದವರು ಇನ್ನೊಂದು ಲಿಫ್ಟ್ ಬಳಸಬೇಕೆಂಬ ಫಲಕ. ಜಲಾಲಪುರದ ಆ ಮನೆಯನ್ನು ನೋಡಿ ನಗುವ ಮೊದಲು ನಾವು ಈ ಲೋಟವನ್ನೂ ಫಲಕವನ್ನೂ ಒಮ್ಮೆ ನೋಡಬೇಕು.

ನಾಳೆ ಬೆಳಿಗ್ಗೆ ದೊಡ್ಡದೇನೂ ಮಾಡಬೇಕಿಲ್ಲ. ಮೂರು ಸಣ್ಣ ವಿಷಯ ಹೇಳುತ್ತೇನೆ.

ಒಂದು, ಆ ಬೇರೆ ಲೋಟವನ್ನು ತೆಗೆದು, ನೀವು ಕುಡಿಯುವ ಲೋಟಗಳ ಸಾಲಿನಲ್ಲೇ ಇಡಿ. ಯಾರಿಗೂ ಹೇಳಬೇಡಿ, ಭಾಷಣ ಬೇಡ. ಇವತ್ತು ಅವಳು ಕುಡಿದ ಲೋಟ ನಾಳೆ ನಿಮ್ಮ ಕೈಗೆ ಬರಲಿ.

ಎರಡು, ಬಾಗಿಲಿಗೆ ಬರುವವರ ಹೆಸರು ಕೇಳಿಕೊಳ್ಳಿ. ಹತ್ತು ವರ್ಷದಿಂದ ಹಾಲು ಹಾಕುವವರ ಹೆಸರು ಗೊತ್ತಿಲ್ಲದ ಮನೆಗಳಿವೆ. ಕಾವಲುಗಾರ ‘ವಾಚ್‌ಮನ್’ ಆಗಿಯೇ ಉಳಿದುಬಿಡುತ್ತಾನೆ. ಹೆಸರು ಹಿಡಿದು ಕರೆದು, ಊಟ ಆಯಿತೇ ಎಂದು ಕೇಳಿದರೆ ನಮ್ಮ ರೈಲು ತಪ್ಪುವುದಿಲ್ಲ.

ಮೂರನೆಯದು ಸ್ವಲ್ಪ ಕಷ್ಟದ್ದು. ಯಾರ ಹತ್ತಿರವಾದರೂ ಏನನ್ನಾದರೂ ಕೇಳಿ. ಅವರ ಡಬ್ಬಿಯ ಒಂದು ತುತ್ತು ಭಾಕರಿ, ಅವರ ಊರಿನ ಒಂದು ಅಡುಗೆ, ಅವರ ಮನೆಯ ಒಂದು ಲೋಟ ನೀರು. ಕೊಟ್ಟವರ ಮುಖದಲ್ಲಿ ಏನು ಕಾಣುತ್ತದೆಂದು ನೋಡಿ. ಬೆಳಗಿನ ಐದೂವರೆಯ ಪಾಳಿಗೆ ಬರುವ ನಾನು ನಮ್ಮ ನಿಲಯದ ಹೊರಗೆ ರಸ್ತೆ ಗುಡಿಸುವ ಹೆಂಗಸರ ಜೊತೆ ಒಂದೇ ಗಾಡಿಯಲ್ಲಿ ಚಹಾ ಕುಡಿಯುತ್ತೇನೆ. ಕೆಲವು ದಿನ ಚಿಲ್ಲರೆ ಕೊಡುವವಳು ನಾನು, ಕೆಲವು ದಿನ ಅವರು. ಅವರು ಕೊಟ್ಟ ದಿನ ಅವರ ಮಾತಿಗೆ ಹೆಚ್ಚು ಬಲ ಇರುತ್ತದೆ, ನಗುವೂ ಹೆಚ್ಚು. ಆ ದಿನ ಮೈಕಿನ ಮುಂದೆ ನನ್ನ ದನಿಯೂ ಸ್ವಲ್ಪ ಚೆನ್ನಾಗಿರುತ್ತದೆ ಎಂದು ನಮ್ಮ ತಂತ್ರಜ್ಞರು ಹೇಳುತ್ತಾರೆ.

ಕ್ರೈಸ್ತ ಬಂಧುಗಳೇ, ಒಂದು ಲೋಟ ತಣ್ಣೀರು ಕೊಟ್ಟವರ ಪುಣ್ಯವೂ ಹುಸಿಯಾಗದು ಎಂಬ ಅರ್ಥದ ಮಾತು ನಿಮ್ಮ ಸುವಾರ್ತೆಯಲ್ಲಿದೆ. ಉಳಿದ ನಮ್ಮೆಲ್ಲರ ಮನೆಯ ಹಿರಿಯರೂ ಬಾಯಾರಿದವರಿಗೆ ನೀರು ಬೆಲ್ಲ ಕೊಟ್ಟ ಮೇಲೆಯೇ ಬಂದ ಕೆಲಸ ಕೇಳುತ್ತಿದ್ದರು. ಲಕ್ಷ್ಮೀಬಾಯಿ 1936ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಪುಸ್ತಕದ ಇಂಗ್ಲಿಷ್ ಅನುವಾದಗಳೂ ಇವೆ. 2017ರಲ್ಲಿ ಬಂದ ಶಾಂತಾ ಗೋಖಲೆಯವರ ಅನುವಾದ ಸುಲಭವಾಗಿ ಓದಿಸಿಕೊಳ್ಳುತ್ತದೆ. ಮರಾಠಿ ಬಲ್ಲವರು ಮೂಲವನ್ನೇ ಓದಿ. ಅಷ್ಟೊಂದು ಕಷ್ಟದ ಕಥೆಗೆ ಅಷ್ಟೊಂದು ನಕ್ಕೆವಲ್ಲ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಬಾಗಿಲ ಗಂಟೆ ಬಾರಿಸಿತೇನೋ. ಹೋಗಿ ತೆರೆಯಿರಿ. ನಿಮ್ಮ ದಿನ ಚೆನ್ನಾಗಿರಲಿ, ಬಾಗಿಲಲ್ಲಿ ನಿಂತವರ ದಿನವೂ.